ಉದ್ಯಮದ ಆಸೆಗೆ ಕಾಲೇಜಿನ ಪಾಠ

ನಾನು ಧಾರವಾಡ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ವಿಷಯ ಕಲಿಸುವವನು. ಪ್ರತಿ ವರ್ಷ ಕೊನೆಯ ವರ್ಷದ ತರಗತಿಗೆ ಮೊದಲ ದಿನ ಹೋದಾಗ, ಪುಸ್ತಕ ತೆರೆಯುವ ಮುನ್ನ ಒಂದು ಮಾತು ಕೇಳುತ್ತೇನೆ: ಓದು ಮುಗಿದ ಮೇಲೆ ಏನು ಮಾಡುತ್ತೀರಿ? ಸರ್ಕಾರಿ ನೌಕರಿ ಅಂದಾಗ ಕೈಗಳು ಸರಸರನೆ ಏಳುತ್ತವೆ. ಬ್ಯಾಂಕ್ ಪರೀಕ್ಷೆ ಅಂದರೆ ಇನ್ನಷ್ಟು ಕೈ. ಬೆಂಗಳೂರಿನ ಕಂಪನಿ ಅಂದರೂ ಹಿಂಜರಿಕೆಯಿಲ್ಲ. ಸ್ವಂತ ಉದ್ಯಮ ಯಾರು ಮಾಡುತ್ತೀರಿ ಅಂದಾಗ ಮಾತ್ರ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಮೂರೋ ನಾಲ್ಕೋ ಕೈಗಳು ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಆ ಕೈ ಏಳುವುದಕ್ಕೆ ಮುಂಚೆ ಆ ಮಕ್ಕಳು ಮಾಡುವ ಒಂದು ಕೆಲಸವನ್ನು ನಾನು ಇಷ್ಟು ವರ್ಷವೂ ನೋಡುತ್ತ ಬಂದಿದ್ದೇನೆ. ಅವರು ಅಕ್ಕಪಕ್ಕ ನೋಡುತ್ತಾರೆ.

ಯಾರು ಏನಂದುಕೊಂಡಾರು ಎಂಬ ಆ ನೋಟವನ್ನು ಕುರಿತೇ ಇವತ್ತು ಮಾತನಾಡಬೇಕೆಂದಿದ್ದೇನೆ. ಉದ್ಯಮ ಮಾಡಬೇಕೆಂಬ ಆಸೆ ಒಬ್ಬ ವಿದ್ಯಾರ್ಥಿಯಲ್ಲಿ ಹೇಗೆ ಹುಟ್ಟುತ್ತದೆ, ಯಾವುದರಿಂದ ಬಲಿಯುತ್ತದೆ, ಯಾವುದರಿಂದ ಬಾಡುತ್ತದೆ? ಕಾಲೇಜಿನಲ್ಲಿ ನಾವು ಉದ್ಯಮಶೀಲತೆ ಎಂಬ ಹೆಸರಿನಲ್ಲಿ ಕಲಿಸುವ ಪಾಠಕ್ಕೂ ಆ ಆಸೆಗೂ ಏನು ಸಂಬಂಧ?

ಮೊದಲಿಗೆ, ಆಸೆ ಇಲ್ಲವೆಂದು ತಿಳಿಯಬೇಡಿ. ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಉದ್ಯಮದ ಒಲವನ್ನು ಅಳೆಯುವ 'ಗೆಸ್' ಎಂಬ ಸಮೀಕ್ಷೆಯೊಂದಿದೆ. 2023ರ ಸಮೀಕ್ಷೆಯ ಭಾರತದ ವರದಿಯನ್ನು ಸಿದ್ಧಪಡಿಸಿದ್ದು ಮಂಡಿಯ ಐಐಟಿ. ಓದು ಮುಗಿದ ಕೂಡಲೇ ಸ್ವಂತ ಉದ್ಯಮ ಶುರು ಮಾಡುತ್ತೇವೆ ಅಂದವರು ಅದರಲ್ಲಿ ನೂರಕ್ಕೆ 14 ಮಂದಿ. ಐದು ವರ್ಷ ಕಳೆದ ಮೇಲೆ ಏನಾಗಿರಬೇಕು ಅಂತ ಕೇಳಿದಾಗ ಉದ್ಯಮ ಅಂದವರು 31 ಮಂದಿ. ಎರಡು ಪಟ್ಟಿಗಿಂತ ಹೆಚ್ಚು! ಅಂದರೆ ನಮ್ಮ ಮಕ್ಕಳಲ್ಲಿ ಅನೇಕರು ಆಸೆಯನ್ನು ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದಾರೆ. 'ಈಗ ಬೇಡ, ಆಮೇಲೆ ನೋಡೋಣ' ಅನ್ನುತ್ತಿದ್ದಾರೆ. ಹೀಗೆ ಮುಂದಕ್ಕೆ ಹಾಕಿದ್ದರಲ್ಲಿ ಎಷ್ಟೋ ಆಸೆಗಳು ಸಂಬಳ, ಮದುವೆ, ಮನೆ ಸಾಲದ ಕಂತುಗಳ ನಡುವೆ ಕಾಣೆಯಾಗುವುದನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲೇ ಕಂಡಿದ್ದೇವೆ.

ಹಾಗಾದರೆ ಇದನ್ನು ಕಲಿಸಲು ಬರುತ್ತದೆಯೇ? ನಮ್ಮ ಹಿರಿಯರ ಮಾತು ಬೇರೆ. ವ್ಯಾಪಾರ ರಕ್ತದಲ್ಲಿ ಬಂದಿರಬೇಕು, ಅದು ಇಂಥ ಮನೆತನದವರಿಗೆ, ಇಂಥ ಜಾತಿಯವರಿಗೆ ಮಾತ್ರ ಒಗ್ಗುವಂಥದ್ದು ಎಂದು ನಂಬಿದವರು ಅವರು. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ನೆರೆಯ ಆಂಧ್ರದಲ್ಲಿ, 1964ರಲ್ಲಿ, ಗೋದಾವರಿಯ ಮುಖಜ ಭೂಮಿಗೆ ಹೊಂದಿಕೊಂಡ ಕಾಕಿನಾಡ ಎಂಬ ಬಂದರು ಪಟ್ಟಣದ ವರ್ತಕರ ಮೇಲೆ.

ಡೇವಿಡ್ ಮೆಕ್ಲೆಲೆಂಡ್ ಎಂಬವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾಗಿದ್ದರು. ಸಾಧಿಸಬೇಕೆಂಬ ಹಂಬಲ ಕೆಲವರಲ್ಲಿ ಯಾಕೆ ಹೆಚ್ಚು ಎಂಬುದೇ ಅವರ ಜೀವಮಾನದ ಪ್ರಶ್ನೆಯಾಗಿತ್ತು. ಸಣ್ಣ ಕೈಗಾರಿಕೆಗಳಿಗೆ ತರಬೇತಿ ಕೊಡಲೆಂದು ಹೈದರಾಬಾದಿನಲ್ಲಿ 1962ರಲ್ಲಿ ಶುರುವಾಗಿದ್ದ ಸರ್ಕಾರಿ ಸಂಸ್ಥೆಯ ಜೊತೆಗೂಡಿ ಅವರು ಕಾಕಿನಾಡದ ವರ್ತಕರಿಗೆ ಕೆಲವೇ ದಿನಗಳ ಶಿಬಿರ ನಡೆಸಿದರು. ಅಲ್ಲಿ ಅವರು ಸಾಲ ಹಂಚಲಿಲ್ಲ, ಯಂತ್ರ ಕೊಡಲಿಲ್ಲ. ಚಿತ್ರ ತೋರಿಸಿ, ಇದಕ್ಕೊಂದು ಕಥೆ ಬರೆಯಿರಿ ಅಂದರು. ಬರೆದ ಕಥೆಯಲ್ಲಿ ಮನುಷ್ಯ ಗುರಿ ಇಟ್ಟುಕೊಂಡಿದ್ದಾನೆಯೇ, ಅಡ್ಡಿ ಬಂದಾಗ ಏನು ಮಾಡುತ್ತಾನೆ ಎಂದು ಬರೆದವರ ಜೊತೆ ಕೂತು ಮಾತಾಡಿದರು.

ಮೆಕ್ಲೆಲೆಂಡರ ಹೆಸರಿನ ಜೊತೆ ಅಂಟಿಕೊಂಡ ಆಟವೊಂದಿದೆ. ನೆಲಕ್ಕೆ ಒಂದು ಗೂಟ, ಕೈಗೆ ಕೆಲವು ಬಳೆಯಂಥ ಉಂಗುರ. ಎಷ್ಟು ದೂರ ನಿಂತು ಎಸೆಯಬೇಕೆಂಬುದು ಆಡುವವರ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಎಸೆಯುತ್ತಾರೆ, ತಪ್ಪುವ ಮಾತೇ ಇಲ್ಲ. ಕೆಲವರು ಬಹಳ ದೂರ ನಿಲ್ಲುತ್ತಾರೆ, ಬಿದ್ದರೆ ಅದೃಷ್ಟ. ಸಾಧಿಸುವ ಹಂಬಲ ಇರುವವರು ನಡುವೆ ಎಲ್ಲೋ ನಿಲ್ಲುತ್ತಾರೆ. ಪ್ರಯತ್ನ ಪಟ್ಟರೆ ಬೀಳಬೇಕು, ಉದಾಸೀನ ಮಾಡಿದರೆ ತಪ್ಪಬೇಕು ಎಂಬಂಥ ದೂರದಲ್ಲಿ. ಉದ್ಯಮಿ ಎಂದರೆ ಜೂಜುಕೋರ ಎಂಬ ನಮ್ಮ ತಪ್ಪು ತಿಳಿವಳಿಕೆಯನ್ನು ಈ ಉಂಗುರದಾಟ ಎಷ್ಟು ಸರಳವಾಗಿ ತಿದ್ದುತ್ತದೆ ನೋಡಿ! ಒಳ್ಳೆಯ ಉದ್ಯಮಿ ತನ್ನ ಕೈಯಳತೆ ತಿಳಿದು ನಿಲ್ಲುವವನು.

ಶಿಬಿರ ಮುಗಿದ ಮೇಲೆ ಆ ವರ್ತಕರು ಏನು ಮಾಡಿದರೆಂದು ಮೆಕ್ಲೆಲೆಂಡ್ ಮತ್ತು ಅವರ ಜೊತೆಗಾರ ಡೇವಿಡ್ ವಿಂಟರ್ ಬೆನ್ನುಹಿಡಿದು ನೋಡಿದರು. 1969ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಶಿಬಿರಕ್ಕೆ ಬಂದವರು ಬಾರದವರಿಗಿಂತ ಹೆಚ್ಚು ಚುರುಕಾಗಿದ್ದರು. ಹೊಸ ವ್ಯವಹಾರಗಳಿಗೆ ಕೈಹಾಕಿದ್ದರು, ಹೊಸದಾಗಿ ಬಂಡವಾಳ ತೊಡಗಿಸಿದ್ದರು. ಹಂಬಲವನ್ನು ಹಿರಿಯರಿಂದ ಬಳುವಳಿಯಾಗಿಯೇ ಪಡೆಯಬೇಕೆಂದಿಲ್ಲ, ಕಲಿತೂ ಪಡೆಯಬಹುದು ಎಂಬ ಮಾತಿಗೆ ಒಂದು ಆಧಾರ ಸಿಕ್ಕಿತು. ಅಲ್ಲಿಂದ ಮುಂದೆ ನಮ್ಮ ದೇಶದಲ್ಲಿ ಉದ್ಯಮಶೀಲತೆಯ ತರಬೇತಿಗೆ ಬಲ ಬಂತು. 1983ರಲ್ಲಿ ಅಹಮದಾಬಾದಿನಲ್ಲಿ ಇದಕ್ಕೆಂದೇ ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟಿತು. ನಮ್ಮ ಧಾರವಾಡಕ್ಕೂ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ ಬಂತು.

ಇನ್ನೂ ಹಿಂದಕ್ಕೆ ಹೋದರೆ, ನಮ್ಮ ನಾಡಿನ ಚರಿತ್ರೆಯಲ್ಲೇ ಒಂದು ದಾರಿ ತೋರುವ ವರ್ಷವಿದೆ. 1916. ಆ ವರ್ಷ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಮೈಸೂರು ವಾಣಿಜ್ಯ ಮಂಡಳಿಯೂ ಹುಟ್ಟಿತು. ಎರಡರ ಹಿಂದೆಯೂ ಇದ್ದವರು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು. ಮೂರು ವರ್ಷ ಮೊದಲು, 1913ರಲ್ಲಿ, ಮೈಸೂರು ಬ್ಯಾಂಕು ಶುರುವಾಗಿತ್ತು. ವಿದ್ಯೆ, ಬಂಡವಾಳ, ವಾಣಿಜ್ಯ ಮೂರೂ ಒಂದೇ ಒಲೆಯ ಮೂರು ಗುಂಡುಗಳು ಎಂದು ಕಂಡ ದೃಷ್ಟಿ ಅದು. ಆಮೇಲಿನ ದಿನಗಳಲ್ಲಿ ವಿಶ್ವವಿದ್ಯಾಲಯ ತನ್ನ ದಾರಿ ಹಿಡಿಯಿತು, ಮಾರುಕಟ್ಟೆ ತನ್ನ ದಾರಿ ಹಿಡಿಯಿತು. ಪದವಿ ಎಂದರೆ ನೌಕರಿಗೆ ರಹದಾರಿ ಎಂಬ ಭಾವನೆ ಬೇರೂರಿತು. ಆ ಮೂರು ಗುಂಡುಗಳನ್ನು ಮತ್ತೆ ಒಟ್ಟಿಗೆ ಇಡುವ ಕೆಲಸವೇ ಇವತ್ತು ನಮ್ಮ ಮುಂದಿರುವುದು.

ಈಗ ಕಾಲೇಜಿನ ವಿದ್ಯಾರ್ಥಿಗಳ ಮಾತಿಗೆ ಬರೋಣ. ಒಂದು ಕೆಲಸ ಮಾಡಬೇಕೆಂಬ ಸಂಕಲ್ಪ ಮನಸ್ಸಿನಲ್ಲಿ ಹೇಗೆ ಕೂಡಿ ಬರುತ್ತದೆ ಎಂಬುದನ್ನು ಐಸೆಕ್ ಐಜೆನ್ ಎಂಬ ಮನಶ್ಶಾಸ್ತ್ರಜ್ಞರು 1991ರ ಒಂದು ಹೆಸರುವಾಸಿ ಬರಹದಲ್ಲಿ ವಿವರಿಸಿದ್ದಾರೆ. ಅದನ್ನು ನಮ್ಮ ಆಡುಮಾತಿಗೆ ತಂದರೆ ಮೂರು ಪ್ರಶ್ನೆಗಳಾಗುತ್ತವೆ. ನನಗೆ ಇದು ಇಷ್ಟವೇ? ನನ್ನವರು ಇದಕ್ಕೆ ಒಪ್ಪುತ್ತಾರೆಯೇ? ಇದು ನನ್ನ ಕೈಯಲ್ಲಿ ಆಗುತ್ತದೆಯೇ? ಮೂರಕ್ಕೂ ಹೌದು ಅನ್ನಿಸಿದರೆ ಸಂಕಲ್ಪ ಗಟ್ಟಿ. ಒಂದಕ್ಕೆ ಇಲ್ಲ ಅನ್ನಿಸಿದರೂ ಅದು ಕುಂಟುತ್ತದೆ. ನನ್ನ ತರಗತಿಯ ಮಕ್ಕಳು ಕೈ ಎತ್ತುವ ಮುನ್ನ ಅಕ್ಕಪಕ್ಕ ನೋಡಿದರಲ್ಲ, ಅದು ಎರಡನೆಯ ಪ್ರಶ್ನೆ. ಕೈಯನ್ನು ಭುಜದ ಮಟ್ಟಕ್ಕೇ ನಿಲ್ಲಿಸಿದರಲ್ಲ, ಅದು ಮೂರನೆಯದು.

ಉದ್ಯಮಶೀಲತೆಯ ಪಾಠ ಈ ಮೂರರಲ್ಲಿ ಯಾವುದನ್ನು ಮುಟ್ಟುತ್ತದೆ? 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲಂಡನ್ ಮತ್ತು ಫ್ರಾನ್ಸಿನ ಗ್ರೆನೋಬಲ್ ನಗರದ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಪಾಠಕ್ಕೆ ಮುಂಚೆ ಮತ್ತು ಪಾಠದ ನಂತರ ಕೇಳಿ ನೋಡಿತು. ಪಾಠ ಕೇಳಿದವರಲ್ಲಿ ಉದ್ಯಮದ ಆಸೆ ಹೆಚ್ಚಾಗಿತ್ತು. ಯಾವುದರಿಂದ ಹೆಚ್ಚಾಯಿತು? ಕಲಿತ ವಿಷಯದಿಂದಲೋ, ಸಿಕ್ಕ ನೆರವಿನಿಂದಲೋ, ಹುಟ್ಟಿದ ಸ್ಫೂರ್ತಿಯಿಂದಲೋ ಎಂದು ಬಿಡಿಸಿ ನೋಡಿದಾಗ ಸ್ಫೂರ್ತಿಯ ಪಾಲೇ ದೊಡ್ಡದಾಗಿ ಕಂಡಿತು. ಒಬ್ಬ ಮೇಷ್ಟ್ರ ಮಾತು, ಒಬ್ಬ ಉದ್ಯಮಿಯ ಭೇಟಿ, ಮನಸ್ಸಿನಲ್ಲಿ ಏನನ್ನೋ ಕದಲಿಸಿದ್ದವು.

ಇದನ್ನು ಓದಿ ನನ್ನಂಥ ಅಧ್ಯಾಪಕರಿಗೆ ಹಿಗ್ಗಾಗುವುದು ಸಹಜ. ಆದರೆ ಮೂರು ವರ್ಷದ ನಂತರ, 2010ರಲ್ಲಿ, ನೆದರ್ಲೆಂಡ್ಸಿನಿಂದ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಒಂದು ವೃತ್ತಿಪರ ಕಾಲೇಜಿಗೆ ಎರಡು ಊರುಗಳಲ್ಲಿ ಶಾಖೆಗಳಿದ್ದವು. ಒಂದು ಶಾಖೆಯ ವಿದ್ಯಾರ್ಥಿಗಳು ಗುಂಪುಗೂಡಿ ನಿಜವಾದ ಪುಟ್ಟ ಕಂಪನಿ ಕಟ್ಟಿ ನಡೆಸಬೇಕಿತ್ತು. ಇನ್ನೊಂದರಲ್ಲಿ ಆ ಏರ್ಪಾಡು ಇರಲಿಲ್ಲ. ಕೊನೆಯಲ್ಲಿ ಅಳೆದು ನೋಡಿದರೆ, ಕಂಪನಿ ನಡೆಸಿದವರಲ್ಲಿ ಉದ್ಯಮದ ಆಸೆ ಕಡಿಮೆಯಾಗಿತ್ತು! ಅದೇ ವರ್ಷ ಪ್ರಕಟವಾದ ಜರ್ಮನಿಯ ಮ್ಯೂನಿಕ್‌ನ ಅಧ್ಯಯನದಲ್ಲೂ ಕಡ್ಡಾಯ ಪಾಠದ ನಂತರ ಒಟ್ಟಾರೆ ಆಸೆ ತುಸು ಇಳಿದಿತ್ತು. ಆದರೆ ತನಗೆ ಇದು ಒಗ್ಗುತ್ತದೆಯೇ ಇಲ್ಲವೇ ಎಂಬ ತಿಳಿವು ಹಲವರಲ್ಲಿ ಖಚಿತವಾಗಿತ್ತು. 2014ರಲ್ಲಿ ಸಂಶೋಧಕರು ಇಂಥ 73 ಅಧ್ಯಯನಗಳನ್ನು, 37 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಪಾಠಕ್ಕೂ ಆಸೆಗೂ ಸಂಬಂಧ ಇದೆ, ಆದರೆ ಸಣ್ಣದು ಎಂದು ಕಂಡಿತು. ಪಾಠಕ್ಕೆ ಸೇರುವ ಮುಂಚೆಯೇ ಇದ್ದ ಆಸೆಯನ್ನು ಲೆಕ್ಕಕ್ಕೆ ಹಿಡಿದರೆ ಆ ಸಣ್ಣ ಸಂಬಂಧವೂ ಗಟ್ಟಿಯಾಗಿ ನಿಲ್ಲಲಿಲ್ಲ.

ಹಾಗಾದರೆ ಪಾಠ ವ್ಯರ್ಥವೇ? ನನ್ನ ಉತ್ತರ, ಇಲ್ಲ. ನಾವು ಅಳೆಯುವ ಕೋಲು ಸರಿಯಿಲ್ಲ. ಎಷ್ಟು ಮಕ್ಕಳಲ್ಲಿ ಆಸೆ ಹೆಚ್ಚಿತು ಎಂದು ಎಣಿಸುತ್ತೇವೆ. ಯಾವ ಆಸೆ ನಿಜದ್ದಾಯಿತು ಎಂದು ಕೇಳುವುದಿಲ್ಲ. ಇದನ್ನು ನನಗೆ ತಿಳಿಸಿಕೊಟ್ಟವರು ನನ್ನ ಇಬ್ಬರು ವಿದ್ಯಾರ್ಥಿಗಳು. ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬಹಳ ವರ್ಷ ನಾನೂ ಈ ವಿಷಯವನ್ನು ಕರಿಹಲಗೆಯ ಮೇಲೆಯೇ ಕಲಿಸಿದೆ. ಯಶಸ್ವಿ ಉದ್ಯಮಿಯ ಗುಣಲಕ್ಷಣಗಳನ್ನು ವಿವರಿಸಿ, ಹತ್ತು ಅಂಕ. ಮಕ್ಕಳು ಚೆನ್ನಾಗಿಯೇ ಬರೆಯುತ್ತಿದ್ದರು. ಹತ್ತಕ್ಕೆ ಒಂಬತ್ತು ತೆಗೆದುಕೊಂಡವರು ಒಂದು ಪೈಸೆಯ ವ್ಯಾಪಾರವನ್ನೂ ಮಾಡದೆ ಹೊರಗೆ ಹೋಗುತ್ತಿದ್ದರು. ಅದು ನನ್ನನ್ನು ಕೊರೆಯತೊಡಗಿದ ಮೇಲೆ ನಾವು ಕೆಲವು ಅಧ್ಯಾಪಕರು ಸೇರಿ ಒಂದು ಪದ್ಧತಿ ಇಟ್ಟುಕೊಂಡೆವು. ನಾಲ್ಕು ನಾಲ್ಕು ಮಕ್ಕಳ ಗುಂಪು. ಗುಂಪಿಗೆ ಸಾವಿರ ರೂಪಾಯಿ ಕೈಗಡ. ಮೂರು ವಾರ ಸಮಯ. ಏನನ್ನಾದರೂ ಮಾರಬೇಕು, ಆದರೆ ನೆಂಟರಿಗೂ ಮೇಷ್ಟ್ರುಗಳಿಗೂ ಮಾರುವಂತಿಲ್ಲ, ಗುರುತಿಲ್ಲದ ಗಿರಾಕಿಯೇ ಆಗಬೇಕು. ದಿನದಿನದ ಜಮಾ ಖರ್ಚು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕೊನೆಗೆ ಕೈಗಡ ಹಿಂದಿರುಗಿಸಬೇಕು.

ನವಲಗುಂದದ ಹಾದಿಯ ಹಳ್ಳಿಯೊಂದರಿಂದ ಬರುವ ಒಬ್ಬ ಹುಡುಗಿಯ ಗುಂಪು ಜೋಳದ ರೊಟ್ಟಿ ಮಾರಿತು. ಸಂತೆಯ ದಿನ ಇನ್ನೂರು ರೊಟ್ಟಿ ತಂದರು. ನೂರು ಮೆತ್ತನೆಯವು, ನೂರು ಖಡಕ್. ಒಂದಕ್ಕೆ ಎಂಟು ರೂಪಾಯಿ. ಹೊರಡುವ ಮುಂಚೆ ನನಗೆ ನೋಟ್‌ಬುಕ್ಕು ತೋರಿಸಿದಳು. ಜೋಳ, ಗಿರಣಿ, ಗ್ಯಾಸು, ಕಟ್ಟುವ ಚೀಲ ಎಲ್ಲ ಸೇರಿ ಒಂದು ರೊಟ್ಟಿಗೆ ಮೂರು ರೂಪಾಯಿ ಅಂತ ಬರೆದಿದ್ದಳು. ಬಸ್ಸಿನ ಖರ್ಚು ಬರೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದದ್ದು ಅವರ ವ್ಯಾಪಾರಕ್ಕೂ ಒದಗಿತ್ತು.

'ಒಂದಕ್ಕ ಐದು ರೂಪಾಯಿ ಉಳೀತೈತ್ರಿ ಸರ್, ಇನ್ನೂರಕ್ಕ ಸಾವಿರ' ಅಂದಳು, ಕಣ್ಣರಳಿಸಿ.

'ರೊಟ್ಟಿ ಬಡಿದೋರು ಯಾರವ್ವಾ?' ಅಂದೆ.

'ನಮ್ಮವ್ವರೀ.'

'ಎಷ್ಟೊತ್ತಿಗೆ ಎದ್ದಿದ್ರು?'

'ನಸಿಕ್ನ್ಯಾಗ, ಮೂರಕ್ಕ ಎದ್ದಾಳ್ರಿ.'

'ಅವರ ಕೂಲಿ ಇದರಾಗ ಎಲ್ಲೈತಿ?'

'ಅವ್ವಗ ಯಾರರ ಕೂಲಿ ಕೊಡ್ತಾರೇನ್ರಿ ಸರ್?' ಅಂತ ಥಟ್ಟನೆ ಕೇಳಿದಳು. ಕೇಳಿದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡಂತೆ ಸುಮ್ಮನಾದಳು. ನೋಟ್‌ಬುಕ್ಕು ಮಡಚಿಕೊಂಡು ಹೋದಳು.

ಅಂದು ಸಂಜೆ ಖಡಕ್ ರೊಟ್ಟಿ ನೂರಕ್ಕೆ ನೂರೂ ಹೋಗಿತ್ತು. ಮೆತ್ತನೆಯದರಲ್ಲಿ ನಲವತ್ತು ಉಳಿದಿತ್ತು. ಬಂದ ಹಣ 1280 ರೂಪಾಯಿ. ಖರ್ಚು 600 ಕಳೆದರೆ 680. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಊರಲ್ಲಿ ಏನು ಕೂಲಿ ಕೊಡುತ್ತಾರೆಂದು ಅವಳು ತಾನಾಗಿಯೇ ವಿಚಾರಿಸಿಕೊಂಡು ಬಂದಿದ್ದಳು. ರೊಟ್ಟಿಗೆ ಎರಡು ರೂಪಾಯಿಯಂತೆ 400. ಉಳಿದದ್ದು 280. ನಾಲ್ವರಿಗೆ ಹಂಚಿದರೆ ತಲೆಗೆ 70 ರೂಪಾಯಿ. ಸಾವಿರ ಅಂದುಕೊಂಡದ್ದು 280ಕ್ಕೆ ಬಂದು ನಿಂತಿತ್ತು.

ಆಸೆ ಇಲ್ಲಿಗೆ ಕುಸಿಯಿತು ಎಂದೇ ನಾನು ಭಾವಿಸಿದ್ದೆ. ಮುಂದಿನ ವಾರ ಅವಳು ಖಡಕ್ ರೊಟ್ಟಿ ಮಾತ್ರ ತಂದಳು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಇಂದು ಹೋಗದಿದ್ದರೆ ನಾಳೆ ಹೋಗುತ್ತದೆ ಎಂಬುದನ್ನು ಆ ನಲವತ್ತು ರೊಟ್ಟಿ ಕಲಿಸಿತ್ತು. ಜೊತೆಗೆ ಶೇಂಗಾ ಚಟ್ನಿಪುಡಿ ಇಟ್ಟಳು. ಮೂರನೆಯ ವಾರ ಒಂದು ಖಾನಾವಳಿಯವರ ಬಳಿ ಹೋಗಿ ವಾರಕ್ಕಿಷ್ಟು ಎಂದು ಮಾತಾಡಿಕೊಂಡು ಬಂದಳು. ನೋಟ್‌ಬುಕ್ಕಿನಲ್ಲಿ ಒಂದು ಹೊಸ ಕಲಮು ಸೇರಿತ್ತು. ಅದರ ತಲೆಬರಹ, 'ಅವ್ವನ ಪಗಾರ'.

ಈಗ ಎರಡನೆಯ ವಿದ್ಯಾರ್ಥಿ. ಬಹಳ ಜಾಣ. ಮೊದಲ ದಿನ ಕೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದವನು ಅವನೇ. ಬಟ್ಟೆಯ ಚೀಲ ಹೊಲಿಸಿ ಕಿರಾಣಿ ಅಂಗಡಿಗಳಿಗೆ ಕೊಡುವ ಕೆಲಸ ಹಿಡಿದ. ಅಂಗಡಿಯವರು ಚೀಲ ತೆಗೆದುಕೊಂಡರು, ಹಣ ಉದ್ರಿ ಹೇಳಿದರು. ಅವನು ದಿನಾ ಆ ಅಂಗಡಿಗಳ ಮುಂದೆ ಹಾದು ಹೋಗುತ್ತಿದ್ದ, ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ಮೂರನೆಯ ವಾರ ನನ್ನ ಬಳಿ ಬಂದು, 'ಸರ್, ಮಂದಿ ಹಂತ್ಯಾಕ ರೊಕ್ಕಾ ಕೇಳಾಕ ನನಗ ಬಾಯಿ ಬರಂಗಿಲ್ರಿ. ಈ ಕೆಲಸ ನನಗ ಒಗ್ಗೂದಿಲ್ಲ. ಆದ್ರ ಲೆಕ್ಕಾ ಇಡೂದು ಭಾಳ ಸೇರ್ತೈತ್ರಿ' ಅಂದ. ಅವನ ಗುಂಪಿನ ಲೆಕ್ಕ ಇಡೀ ತರಗತಿಯಲ್ಲೇ ಅಚ್ಚುಕಟ್ಟಾಗಿತ್ತು. ಪದವಿ ಮುಗಿಸಿ ಒಬ್ಬ ಆಡಿಟರ್ ಕಚೇರಿ ಸೇರಿದ. ನೆಮ್ಮದಿಯಾಗಿದ್ದಾನೆ.

ನೆದರ್ಲೆಂಡ್ಸಿನ ಅಧ್ಯಯನದ ಅಳತೆಗೋಲಿನಲ್ಲಿ ಈ ಹುಡುಗನದು ಇಳಿದ ಆಸೆ, ಪಾಠದ ಸೋಲು. ನಾನು ಹಾಗೆ ಎಣಿಸಲಾರೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸಾವಿರ ರೂಪಾಯಿಯ ಕೈಗಡದಲ್ಲಿ, ಮೂರು ವಾರದಲ್ಲಿ ಅವನು ಕಂಡುಕೊಂಡ ಸತ್ಯವನ್ನು ಮೂವತ್ತನೆಯ ವಯಸ್ಸಿನಲ್ಲಿ, ಅಪ್ಪನ ಹೊಲ ಅಡವಿಟ್ಟು ಕಂಡುಕೊಂಡವರು ಎಷ್ಟು ಮಂದಿಯಿಲ್ಲ! ಒಂದು ಆಸೆಯನ್ನು ಹಗುರವಾದ ಬೆಲೆಗೆ ಪರೀಕ್ಷಿಸಿ ನೋಡುವ ಅವಕಾಶವನ್ನು ಕಾಲೇಜಲ್ಲದೆ ಇನ್ಯಾರು ಕೊಡಬೇಕು? ಹುಡುಗಿಯ ಆಸೆ ಗಟ್ಟಿಯಾಯಿತು, ಹುಡುಗನ ಆಸೆ ತಿಳಿಯಾಯಿತು. ಪಾಠ ಇಬ್ಬರಿಗೂ ಕೆಲಸಕ್ಕೆ ಬಂತು.

ಮಾಡಿ ಕಲಿಯುವುದರ ಬಲವನ್ನು ತೋರಿಸಿದ ಪ್ರಯೋಗವೊಂದು ಆಫ್ರಿಕಾದ ಉಗಾಂಡದ ವಿಶ್ವವಿದ್ಯಾಲಯಗಳಲ್ಲಿ ನಡೆದಿದೆ. ಹನ್ನೆರಡು ವಾರದ ತರಬೇತಿ. ವಿದ್ಯಾರ್ಥಿಗಳ ಗುಂಪಿಗೆ ಸುಮಾರು ನೂರು ಡಾಲರಿನಷ್ಟು ಸಣ್ಣ ಮೊತ್ತ ಕೊಟ್ಟು, ಆ ಅವಧಿಯಲ್ಲೇ ನಿಜವಾದ ವ್ಯವಹಾರ ಶುರು ಮಾಡಿಸುತ್ತಾರೆ. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಉದ್ಯಮಗಳನ್ನು ಶುರು ಮಾಡಿದ್ದನ್ನು 2015ರ ವರದಿ ಹೇಳುತ್ತದೆ. ಅವರ ಉತ್ಸಾಹ ಎಷ್ಟು ದಿನ ಉಳಿಯಿತು ಎಂಬುದನ್ನೂ ಸಂಶೋಧಕರು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ತರಬೇತಿಯ ಹುರುಪಿನಲ್ಲಿ ಏರಿದ ಉತ್ಸಾಹ ತಾನಾಗಿ ಉಳಿಯುವುದಿಲ್ಲ. ನನ್ನ ಕೈಯಲ್ಲಿ ಇದು ಆಗುತ್ತದೆ ಎಂಬ ನಂಬಿಕೆ ಬಲವಾಗಿದ್ದವರಲ್ಲಿ ಮಾತ್ರ ಅದು ನಿಲ್ಲುತ್ತದೆ ಎಂದು ಕಂಡರು. ಸ್ಫೂರ್ತಿಯ ಭಾಷಣ ಒಲೆಗೆ ಹಾಕಿದ ಸೊಪ್ಪುಸದೆಯ ಹಾಗೆ, ಭಗ್ಗೆಂದು ಹತ್ತುತ್ತದೆ. ಕೆಂಡ ಉಳಿಯಬೇಕಾದರೆ ಕಟ್ಟಿಗೆ ಬೇಕು. ಮಾಡಿ ನೋಡಿದ ಅನುಭವವೇ ಆ ಕಟ್ಟಿಗೆ.

ಇನ್ನು ಐಜೆನ್ನರ ಎರಡನೆಯ ಪ್ರಶ್ನೆ: ನನ್ನವರು ಒಪ್ಪುತ್ತಾರೆಯೇ? ಇದು ಕಾಲೇಜಿನ ಗೋಡೆಯೊಳಗೆ ಬಗೆಹರಿಯುವಂಥದ್ದಲ್ಲ. ನಮ್ಮ ಮನೆಗಳಲ್ಲಿ ಓದಿದ ಮಗ ಅಂಗಡಿ ಇಟ್ಟರೆ 'ಇಷ್ಟು ಓದಿಸಿ ಇದಕ್ಕೇನಾ' ಅನ್ನುತ್ತೇವೆ. ಮಗಳು ಉದ್ಯಮ ಮಾಡುತ್ತೇನೆ ಅಂದರೆ 'ಮೊದಲು ಮದುವೆಯಾಗಲಿ' ಅನ್ನುತ್ತೇವೆ. ಈ ಮಾತುಗಳ ಹಿಂದೆ ತಾಯ್ತಂದೆಯರ ಹೆದರಿಕೆಯಿದೆ, ಆ ಹೆದರಿಕೆಗೆ ಕಾರಣವೂ ಇದೆ. ಒಂದು ಸಲ ಬೆಳೆ ಕೈಕೊಟ್ಟರೆ ಸಾಲ ಹೇಗೆ ಕುತ್ತಿಗೆಗೆ ಬರುತ್ತದೆ ಎಂದು ಕಂಡ ಮನೆಯವರು ಅವರು. ತಿಂಗಳ ಸಂಬಳ ಬರುವ ಮನೆಯ ಹುಡುಗ ಸೋತರೆ ಹೋಗಿ ಮಲಗಲು ಒಂದು ಮನೆಯಿದೆ. ಕೂಲಿ ಮಾಡಿ ಓದಿಸಿದ ತಾಯಿಯ ಮಗಳಿಗೆ ಸೋಲಲು ಕೂಡ ಬಂಡವಾಳವಿಲ್ಲ. ಎಲ್ಲರಿಗೂ ಒಂದೇ ಧೈರ್ಯ ಹೇಳುವ ಮುನ್ನ ನಾವು ಇದನ್ನು ನೆನಪಿಡಬೇಕು.

ಅದಕ್ಕೇ ನಮಗೆ ಉಜಿರೆಯ ದಾರಿ ಮುಖ್ಯ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಉದ್ಯೋಗವಿಲ್ಲದ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ತರಬೇತಿ. ಹೈನುಗಾರಿಕೆ, ಹೊಲಿಗೆ, ಮೋಟಾರು ರಿಪೇರಿ, ಹೀಗೆ ಊರಿನಲ್ಲೇ ನಡೆಸಬಹುದಾದ ಕಸುಬುಗಳು. ಕಸುಬಿನ ಜೊತೆಗೆ ಆತ್ಮವಿಶ್ವಾಸದ ಪಾಠವೂ ಇತ್ತು, ಸಾಲ ಕೊಡುವ ಬ್ಯಾಂಕಿನವರು ಜೊತೆಗೇ ಇದ್ದರು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಸರ್ಟಿಫಿಕೇಟು ಕೊಟ್ಟು ಕೈತೊಳೆದುಕೊಳ್ಳದೆ, ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡರು. ಈ ಮಾದರಿಯನ್ನು ಕೇಂದ್ರ ಸರ್ಕಾರ 2009ರಲ್ಲಿ ಇಡೀ ದೇಶಕ್ಕೆ ತೆಗೆದುಕೊಂಡಿತು, ಜಿಲ್ಲೆಗೊಂದು ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ತೆರೆಯಿಸುವ ಕೆಲಸ ನಡೆಯಿತು. ಕನ್ನಡ ನೆಲದ ಒಂದು ಸಣ್ಣ ಊರು ದೇಶಕ್ಕೆ ಕಲಿಸಿದ ಪಾಠ ಇದು. ನಮ್ಮ ಕಾಲೇಜುಗಳು ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ.

ಇವತ್ತು ಅನುಕೂಲಗಳಿಗೆ ಕೊರತೆಯಿಲ್ಲ. 2016ರ ಜನವರಿಯಿಂದ ಸ್ಟಾರ್ಟಪ್ ಇಂಡಿಯಾ ನಡೆಯುತ್ತಿದೆ. ನಮ್ಮ ರಾಜ್ಯ ಸ್ಟಾರ್ಟಪ್ ನೀತಿ ತಂದು, ಬೆಂಗಳೂರಿನ ಆಚೆಯ ಕಾಲೇಜುಗಳಲ್ಲೂ ಹೊಸ ಉದ್ಯಮಗಳನ್ನು ಪೋಷಿಸುವ ಕೇಂದ್ರಗಳನ್ನು ತೆರೆದಿದೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮ ಕಟ್ಟಿದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ತವರೂರಿನಲ್ಲೇ ಈ ಕೆಲಸಕ್ಕೆ ನಿಂತಿದೆ. ಸಣ್ಣ ಉದ್ಯಮದ ಉದ್ಯಮ್ ನೋಂದಣಿ 2020ರ ಜುಲೈಯಿಂದ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ. ಆದರೆ ನಮ್ಮ ತಾಲ್ಲೂಕಿನ ಹುಡುಗಿಗೆ ಉದ್ಯಮ ಎಂದರೆ ಬೆಂಗಳೂರಿನಲ್ಲಿ ಆ್ಯಪ್ ಮಾಡಿ ಕೋಟಿ ಬಂಡವಾಳ ತಂದವರ ಫೋಟೋ ಮಾತ್ರ ಕಂಡರೆ, ಅವಳು ತನ್ನ ಕೈಯನ್ನು ಕೆಳಗಿಳಿಸುತ್ತಾಳೆ. ಅದು ತನ್ನದಲ್ಲ ಅನ್ನಿಸುತ್ತದೆ. ಅವಳ ಮನೆಯ ಒಲೆಯ ಮುಂದೆ, ನಸುಕಿನಲ್ಲಿ, ಹಂಚಿನ ಮೇಲೆ ನಡೆಯುತ್ತಿರುವುದೂ ಉದ್ಯಮವೇ ಎಂದು ಅವಳಿಗೆ ತೋರಿಸಿಕೊಡುವುದು ನಮ್ಮ ಕೆಲಸ.

ಅಧ್ಯಾಪಕ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳನ್ನು ಒಂದು ಸಲ ಸಂತೆಗೆ ಕಳಿಸಿ. ಗುರುತಿಲ್ಲದ ಗಿರಾಕಿಯೊಬ್ಬನ ಕೈಯಿಂದ ಹತ್ತು ರೂಪಾಯಿ ಅವರ ಕೈಗೆ ಬರಲಿ. ಆ ಹತ್ತು ರೂಪಾಯಿ ಹತ್ತು ಅಂಕಕ್ಕಿಂತ ಹೆಚ್ಚು ಕಲಿಸುತ್ತದೆ. ಲಾಭ ತಂದವನಿಗೆ ಕೊಟ್ಟಷ್ಟೇ ಅಂಕವನ್ನು, ನಷ್ಟವಾದ ಕಾರಣವನ್ನು ಸರಿಯಾಗಿ ಬರೆದವನಿಗೂ ಕೊಡಿ. ಸೋಲಿಗೆ ಶಿಕ್ಷೆಯಿಲ್ಲದ ಜಾಗ ಜೀವನದಲ್ಲಿ ಬಹಳ ಸಿಗುವುದಿಲ್ಲ. ತರಗತಿಯಾದರೂ ಅಂಥದೊಂದು ಜಾಗವಾಗಲಿ.

ತಾಯಿ ತಂದೆಯರಲ್ಲಿಯೂ ಒಂದು ಮಾತು. ಮಗನೋ ಮಗಳೋ ಉದ್ಯಮದ ಮಾತೆತ್ತಿದರೆ, ಬೇಡ ಅನ್ನುವ ಮುನ್ನ ಲೆಕ್ಕ ತೋರಿಸು ಅನ್ನಿ. ಎಷ್ಟು ಹಾಕುತ್ತೀ, ಯಾರು ಕೊಳ್ಳುತ್ತಾರೆ, ಹೋದರೆ ಎಷ್ಟು ಹೋಗುತ್ತದೆ ಎಂದು ಕೇಳಿ. ಉತ್ತರ ಇದ್ದರೆ ಆರು ತಿಂಗಳು ಸಮಯ ಕೊಡಿ. ನೀವು ಕೊಡುವ ಆ ಆರು ತಿಂಗಳಿಗೆ ಯಾವ ಬ್ಯಾಂಕಿನ ಸಾಲವೂ ಸಮವಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಆಸೆ ದೊಡ್ಡದಿರಲಿ, ಆದರೆ ಮೊದಲ ಹೆಜ್ಜೆ ಚಿಕ್ಕದಿರಲಿ. ಮೆಕ್ಲೆಲೆಂಡರ ಆ ಉಂಗುರದಾಟ ನೆನಪಿಡಿ. ಗೂಟದ ಪಕ್ಕದಲ್ಲೂ ನಿಲ್ಲಬೇಡಿ, ಕಣ್ಣಿಗೆ ಕಾಣದಷ್ಟು ದೂರವೂ ಹೋಗಬೇಡಿ. ಎಸೆದು ನೋಡಿ. ತಪ್ಪಿದರೆ ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಎಸೆಯಿರಿ. ಎಸೆದು ನೋಡಿ, ಇದು ನನ್ನ ಆಟವಲ್ಲ ಎಂದು ತಿಳಿದು ಬೇರೆ ಕೆಲಸಕ್ಕೆ ಹೋದರೂ ನೀವು ಸೋತವರಲ್ಲ.

ವರ್ಷದ ಕೊನೆಯ ದಿನ ನಾನು ಅದೇ ತರಗತಿಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ. ಸ್ವಂತ ಉದ್ಯಮ ಯಾರು ಮಾಡುತ್ತೀರಿ? ಒಂದೊಂದು ವರ್ಷ ಹೆಚ್ಚು ಕೈಗಳು ಏಳುತ್ತವೆ, ಒಂದೊಂದು ವರ್ಷ ಮೊದಲಿಗಿಂತ ಕಡಿಮೆ. ಈಗ ನಾನು ಕೈಗಳನ್ನು ಎಣಿಸುವುದಿಲ್ಲ. ಆ ರೊಟ್ಟಿಯ ಹುಡುಗಿ ಕೈ ಎತ್ತಿದಾಗ, ಆ ಜಾಣ ಹುಡುಗ ಕೈ ಕಟ್ಟಿಕೊಂಡು ಕೂತಿದ್ದಾಗ, ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಅಕ್ಕಪಕ್ಕ ನೋಡಲಿಲ್ಲ.